ದಾವಣಗೆರೆ ಬಿಸಿಲಲ್ಲಿ ಕಡ್ಡಿ ಕೊಳೀದೆ ನೀರಲ್ಲೇ ಬೇರು ಬಿಡ್ಸೋದು: ನನ್ನ ಅನುಭವ

ನೀವು ಯಾವ ಕಡ್ಡಿ ಇಟ್ರೂ ಬೇರು ಬಿಡುತ್ತೆ, ನಿಮ್ ಕೈಗುಣ ಚೆನ್ನಾಗೈತೆ ಅಂತ ನಮ್ಮ ಓಣಿಯವ್ರು ಹೇಳ್ತಿರ್ತಾರೆ. ಕೈಗುಣ ಗಿಯ್ಗುಣ ಏನೂ ಇಲ್ಲ ರೀ. ಕಡ್ಡಿ ಕೊಳೆಯೋಕೆ ಮುಂಚೆ ಬೇರು ಬರ್ಬೇಕು, ಅಷ್ಟೇ ಇದರ ಆಟ. ಬೇರು ಹುಟ್ಟೋಕೆ ನೀರಷ್ಟೇ ಸಾಲಲ್ಲ, ನೀರಲ್ಲಿ ಕರಗಿರೋ ಆಕ್ಸಿಜನ್ನೂ ಬೇಕು, ನೀರು ಬಿಸಿ ಆದಷ್ಟೂ ಅದು ಕಮ್ಮಿ ಆಗ್ತಾ ಹೋಗುತ್ತೆ, ಕೊಳೆಸೋ ಬ್ಯಾಕ್ಟೀರಿಯಾ ಮಾತ್ರ ಜೋರಾಗ್ತಾವೆ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ, 38-40 ಡಿಗ್ರಿ ಹತ್ರ ಹೋಗುತ್ತೆ, ಕಾಂಪೌಂಡ್ ಗೋಡೆ ಮೇಲೆ ಬಾಟ್ಲಿ ಇಟ್ರೆ ಮಧ್ಯಾಹ್ನದೊಳಗೆ ನೀರು ಬೆಚ್ಚಗಾಗಿ ಎರಡೇ ದಿನಕ್ಕೆ ವಾಸನೆ ಹೊಡೆಯೋಕೆ ಶುರು. ಅದಕ್ಕೆ ನಾನು ಈ ಕೆಲಸ ಜಾಸ್ತಿ ಮಾಡೋದು ಮುಂಗಾರು ಹಿಡಿದ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬೇಸಿಗೇಲಿ ಮಾಡ್ಲೇಬೇಕು ಅಂದ್ರೆ ಅಡುಗೆಮನೆ ಉತ್ತರದ ಕಿಟಕಿ ಕಟ್ಟೆ ಮೇಲೆ, ಬೆಳಕು ಬರ್ಬೇಕು ಬಿಸಿಲು ತಾಗ್ಬಾರ್ದು.

ಬಾಟ್ಲಿಗೆ ದುಡ್ಡು ಹಾಕ್ಬೇಡಿ. ಕೆಮ್ಮಿನ ಸಿರಪ್ಪಿನ ಕಂದು ಗಾಜಿನ ಬಾಟ್ಲಿಗಿಂತ ಒಳ್ಳೇದು ನಾನು ಬೇರೆ ಕಂಡಿಲ್ಲ. ಬೆಳಕು ಒಳಗೆ ಜಾಸ್ತಿ ಹೋಗಲ್ಲ, ಹಂಗಾಗಿ ಪಾಚಿ ಕಟ್ಟಲ್ಲ, ಬಾಯಿ ಸಣ್ಣದಿರೋದ್ರಿಂದ ಕಡ್ಡಿ ನೆಟ್ಟಗೆ ನಿಲ್ಲುತ್ತೆ. ಫೋಟೋದಲ್ಲಿ ಬಿಳಿ ಗಾಜು ಚಂದ ಕಾಣುತ್ತೆ ನಿಜ, ಅದನ್ನೇ ಇಡ್ತೀನಿ ಅನ್ನೋರು ಸುತ್ತ ಪೇಪರ್ ಸುತ್ತಿಬಿಡಿ. ಬಾಯಿಗೆ ಒಂಚೂರು ಹತ್ತಿ ತುರುಕ್ತೀನಿ, ಬಿಗಿಯಾಗಿ ಅಲ್ಲ, ಸಡಿಲವಾಗಿ. ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳಿಂದಾನೇ ಹೆಸರಾಗಿದ್ದ ಊರಲ್ಲಿ ಇವತ್ತು ಹತ್ತೀನ ಮೆಡಿಕಲ್ ಶಾಪಿನಿಂದ ತರ್ತೀವಿ, ಇರ್ಲಿ ಬಿಡಿ.

ಹತ್ತಿ ಯಾಕೆ ಅಂದ್ರೆ ಸೊಳ್ಳೆಗೆ. ಡೆಂಗಿ ಟೈಮಲ್ಲಿ ಲಾರ್ವಾ ಸರ್ವೇಗೆ ಅಂತ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರ್ತಾರಲ್ಲ, ನಮ್ಮ ಕಿಟಕಿ ಕಟ್ಟೆ ನೋಡಿ ಒಬ್ಬರು ಗಾಬರಿ ಬಿದ್ರು. "ಅಕ್ಕಾ, ಡ್ರಮ್ಮು, ಸಿಂಟೆಕ್ಸು ಎಲ್ಲಾ ಕ್ಲೀನಾಗಿಟ್ಟು ಇಲ್ಲೇನ್ರೀ ಇಷ್ಟೊಂದು ನೀರು ನಿಲ್ಸೀರಿ?" ಒಂದೊಂದೇ ಬಾಟ್ಲಿಗೂ ಟಾರ್ಚ್ ಬಿಟ್ಟು ನೋಡಿದ್ರು, ಏನೂ ಸಿಗ್ಲಿಲ್ಲ. ಹೋಗ್ತಾ ಹೇಳಿದ್ರು, ಆ ಸೊಳ್ಳೆ ಮೊಟ್ಟೆ ಇಡೋದೇ ಇಂಥ ತಿಳಿನೀರಲ್ಲಿ ಅಕ್ಕಾ, ವಾರ ಹತ್ತು ದಿನದಲ್ಲಿ ಮೊಟ್ಟೆ ಹೋಗಿ ಸೊಳ್ಳೆ ಆಗಿರುತ್ತೆ ಅಂತ. ಅದಕ್ಕೆ ನೀರು ಬದಲಾಯಿಸೋದು ಮೂರ್ನಾಲ್ಕು ದಿನ ದಾಟ್ಬಾರ್ದು, ಗಿಡಕ್ಕೂ ಅದೇ ಲೆಕ್ಕ, ಹೊಸ ನೀರು ಅಂದ್ರೆ ಹೊಸ ಗಾಳಿ. ಚೆಲ್ಲುವಾಗ ಕಡ್ಡಿ ಬುಡ ಮುಟ್ಟಿ ನೋಡಿ, ಲೋಳೆ ಲೋಳೆ ಇದ್ರೆ ತೊಳೆದು, ಮೆತ್ತಗಾಗಿರೋ ಭಾಗ ಕತ್ತರಿಸಿ, ಬಾಟ್ಲೀನೂ ಉಜ್ಜಿ ಮತ್ತೆ ಇಡಿ.

ನೀರು ಯಾವುದು ಅಂತ ಕೇಳ್ತೀರಾ. ಭದ್ರಾ ನಾಲೆ ನೀರು ಕುಂದವಾಡ ಕೆರೆಗೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿ ಆಮೇಲೆ ನಮ್ಮ ನಲ್ಲಿಗೆ ಬಿಡೋದಲ್ವಾ, ಅದೇ ಸಾಕು. ಕ್ಲೋರಿನ್ ವಾಸನೆ ಇದ್ರೆ ಒಂದು ರಾತ್ರಿ ಬಕೆಟ್‌ನಲ್ಲಿ ತೆರೆದಿಡಿ. ಬೋರ್ ನೀರಲ್ಲೂ ಬೇರು ಬರುತ್ತೆ, ಆದ್ರೆ ನಮ್ಮ ಕಡೆ ಸವಳು ಜಾಸ್ತಿ, ಬಾಟ್ಲಿಗೂ ಕಡ್ಡಿಗೂ ಬಿಳಿ ಪೊರೆ ಕಟ್ಟುತ್ತೆ, ನಂಗಿಷ್ಟ ಆಗಲ್ಲ.

ಕಡ್ಡಿ ಕತ್ತರಿಸೋದ್ರಲ್ಲಿ ಒಂದೇ ವಿಷ್ಯ ನೆನಪಿಡ್ಬೇಕು, ಗಿಣ್ಣು. ಎಲೆ ಹುಟ್ಟೋ ಜಾಗ ಅದು, ಬೇರೂ ಹೆಚ್ಚಾಗಿ ಅಲ್ಲಿಂದಾನೇ. ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ ಗಿಣ್ಣು ನೀರೊಳಗೆ, ಎಲೆ ನೀರಿನ ಮೇಲೆ. ಮನಿ ಪ್ಲಾಂಟಲ್ಲಿ ಗಿಣ್ಣಿನ ಹತ್ರ ಕಂದು ಬಣ್ಣದ ಸಣ್ಣ ಮೊಳೆ ಇರುತ್ತೆ ನೋಡಿ, ಅದೇ ಬೇರಾಗೋದು, ಬರೀ ಎಲೆ ತೊಟ್ಟು ಸಮೇತ ಕಿತ್ತು ನೀರಲ್ಲಿಟ್ರೆ ತಿಂಗಳುಗಟ್ಲೆ ಹಸಿರಾಗಿ ಕೂತಿರುತ್ತೆ, ಬೇರೂ ಬಂದ್ರೂ ಬರ್ಬಹುದು, ಬಳ್ಳಿ ಮಾತ್ರ ಆಗಲ್ಲ. ಮಾರ್ಕೆಟ್‌ನಿಂದ ತಂದ ಪುದೀನ ಕಟ್ಟಲ್ಲಿ ಗಟ್ಟಿ ಕಡ್ಡಿ ನಾಲ್ಕು ತೆಗೆದಿಡಿ, ವಾರ ಹತ್ತು ದಿನಕ್ಕೆ ಬೇರು ಕಾಣುತ್ತೆ. ದೊಡ್ಡಪತ್ರೆ, ಬಸಳೆ ಕೂಡ ಸುಲಭ. ತುಳಸೀಲಿ ಕದಿರು ಬಂದಿರದ ಕುಡಿ ಆರಿಸ್ಬೇಕು.

ದಾಸವಾಳಕ್ಕೆ ತಾಳ್ಮೆ ಬೇಕು, ತಿಂಗಳು ದಾಟಿದ್ರೂ ದಾಟುತ್ತೆ. ಅದಕ್ಕಿಂತ ಮುಂಚೆ ಒಂದು ತಮಾಷೆ ಐತೆ, ನೀರೊಳಗಿನ ತೊಗಟೆ ತುಂಬ ಬಿಳೀ ಬಿಳೀ ಉಬ್ಬು ಏಳ್ತಾವೆ, ಮಂಡಕ್ಕಿ ನುಚ್ಚು ಅಂಟಿಸಿದಂಗೆ. ಎಷ್ಟೋ ಜನ ಫಂಗಸ್ ಬಂತು ಅಂತ ಎತ್ತಿ ಬಿಸಾಕ್ತಾರೆ. ಫಂಗಸ್ ಅಲ್ಲ ಅದು, ತೊಗಟೇಲಿ ಉಸಿರಾಡೋ ಸಣ್ಣ ತೂತುಗಳಿರ್ತಾವೆ, ನೀರಲ್ಲಿ ಗಾಳಿ ಸಾಲದೆ ಅವು ಹಂಗೆ ಉಬ್ಬಿಕೊಳ್ತಾವೆ. ಕಡ್ಡಿ ಗಟ್ಟಿ ಇದ್ರೆ ನೀರು ಬದಲಾಯಿಸ್ಕೊಂಡು ಸುಮ್ನಿರಿ.

ನಮ್ಮತ್ತೆ ಅರಿಶಿನ ಹಚ್ಚು ಅಂತಾರೆ, ನಾದಿನಿ ಜೇನುತುಪ್ಪ ಅಂತಾಳೆ, ಇನ್ನೊಬ್ರು ಚಕ್ಕೆ ಪುಡಿ. ಬೇರು ಹುಟ್ಸೋ ಆಕ್ಸಿನ್ ಅನ್ನೋ ಹಾರ್ಮೋನ್ ಗಿಡದ ಕುಡೀಲೇ ತಯಾರಾಗಿ ಕೆಳಗಿಳಿದು ಕತ್ತರಿಸಿದ ಬುಡದ ಹತ್ರ ಸೇರ್ಕೊಳ್ಳುತ್ತೆ, ಅದಕ್ಕೇ ಬೇರು ಬರೋದು. ಜೇನು ನೀರಿಗೆ ಬಿದ್ರೆ ಊಟ ಸಿಗೋದು ಬ್ಯಾಕ್ಟೀರಿಯಾಗೆ.

ಮಣ್ಣಿಗೆ ಹಾಕೋದ್ರಲ್ಲೇ ಜಾಸ್ತಿ ಜನ ಕಳ್ಕೊಳ್ಳೋದು. ನೀರಲ್ಲಿ ಬಂದ ಬೇರು ನೋಡೋಕೆ ದಂಡಿಯಾಗಿರುತ್ತೆ, ಆದ್ರೆ ಬಲು ಪೆಳಸು, ಮಣ್ಣಿನಿಂದ ನೀರು ಹೀರೋ ಸಣ್ಣ ಕೂದಲು ಬೇರು ಅದರಲ್ಲಿ ಕಮ್ಮಿ. ಅದಕ್ಕೆ ಉದ್ದ ಬೆಳೀಲಿ ಅಂತ ಕಾಯ್ಬೇಡಿ, ಒಂದೆರಡು ಇಂಚು ಆದ ತಕ್ಷಣ ಎತ್ತಿಬಿಡಿ. ನಮ್ಮ ಸುತ್ತಮುತ್ತಲಿನ ಎರೆಮಣ್ಣು ಕುಂಡಕ್ಕೆ ಬ್ಯಾಡ, ಒದ್ದೆ ಇದ್ರೆ ಕೆಸರು, ಒಣಗಿದ್ರೆ ಬಿರುಕು, ಆ ಬಿರುಕು ಬಿಡುವಾಗ ಎಳೆ ಬೇರೇ ಹರಿದುಹೋಗ್ತಾವೆ. ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ ಸ್ವಲ್ಪ, ರೈಸ್ ಮಿಲ್ಲಿನ ಕರಕಲು ಹೊಟ್ಟು ಸಿಕ್ರೆ ಒಂದೆರಡು ಹಿಡಿ. ಮೊದಲ ವಾರ ಮಣ್ಣು ಒಣಗೋಕೆ ಬಿಡ್ಲೇಬಾರ್ದು, ನೆರಳಲ್ಲೇ ಇರ್ಲಿ, ಎಲೆ ಜೋತುಬಿದ್ರೂ ಗಾಬರಿ ಬ್ಯಾಡ.

ಮಲ್ಲಿಗೆ, ಗುಲಾಬಿ ನೀರಲ್ಲಿ ಇಡೋಕೆ ಹೋಗ್ಬೇಡಿ, ಬರಲ್ಲ ಅಂತಲ್ಲ, ಕೊಳೆಯೋದೇ ಜಾಸ್ತಿ. ಮಲ್ಲಿಗೆ ಬಳ್ಳೀನ ಹಂಗೇ ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿ ಮೇಲೊಂದು ಕಲ್ಲು ಇಡಿ ಸಾಕು. ಕಣಗಿಲೆ ನೀರಲ್ಲಿ ಚೆನ್ನಾಗೇ ಬೇರು ಬಿಡುತ್ತೆ, ಆದ್ರೆ ಅದರ ಹಾಲು, ಎಲೆ, ಕೊನೆಗೆ ಅದನ್ನಿಟ್ಟ ನೀರೂ ವಿಷ. ಮನೇಲಿ ಚಿಕ್ಕ ಮಕ್ಕಳು, ನಾಯಿ ಇದ್ರೆ ಅದನ್ನ ಅಡುಗೆಮನೆ ಕಟ್ಟೆ ಮೇಲಂತೂ ಇಡ್ಲೇಬೇಡಿ, ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳ್ಕೊಳ್ರಿ.