ಒಂದೇ ಕುಲದ ಎಲೆಗಳಿಂದ ಸಿಹಿಯುಂಡೆ ಮತ್ತು ಬುಟ್ಟಿ: ನನ್ನ ಅನುಭವ

ಮಲೇಷ್ಯಾದ ತೆರೆಂಗಾನುವಿಗೆ ಬಂದ ಮೇಲೆ ನಾನು ಕಲಿತ ಎರಡು ಕೆಲಸಗಳೆಂದರೆ ‘ಒಂಡೆ-ಒಂಡೆ’ ಎಂಬ ಸಿಹಿಯುಂಡೆ ಮಾಡುವುದು ಮತ್ತು ಮೆಂಕುವಾಂಗ್ ಎಲೆಯ ಬುಟ್ಟಿ ಹೆಣೆಯುವುದು. ಎರಡನ್ನೂ ಕಲಿಸಿದವರು, ನಾವು ‘ಮಾಕ್‌ಚಿಕ್’ ಎಂದು ಕರೆಯುವ ನೆರೆಮನೆಯ ಹಿರಿಯರು. ತಿಂಡಿಗೆ ಪರಿಮಳ ಕೊಡುವ ಪಾಂಡಾನ್, ಬುಟ್ಟಿಗೆ ಒದಗುವ ಮೆಂಕುವಾಂಗ್, ಎರಡೂ ನಮ್ಮ ಕೇದಗೆಯ ಕುಲದವೇ. ಇಡ್ಲಿ ಹಿಟ್ಟು ಬೇಯಿಸುವ ಎಲೆಯ ಕೊಟ್ಟೆಯಾದ ಮೂಡೆಯನ್ನು ಕಟ್ಟಲು, ಇದೇ ಕುಲದ ಮುಂಡೇವಿನ ಎಲೆಯ ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸುವುದನ್ನು ಕರಾವಳಿಯ ಮನೆಯಲ್ಲಿ ನೋಡುತ್ತ ಬೆಳೆದ ನನಗೆ, ಎಲೆಯನ್ನು ಹದಗೊಳಿಸುವುದೇ ಕೆಲಸದ ಮುಕ್ಕಾಲು ಪಾಲು ಎಂಬುದು ಇಲ್ಲಿಯೂ ಬೇಗ ಮನದಟ್ಟಾಯಿತು.

ಉಂಡೆಗೆ ಹತ್ತು ಪಾಂಡಾನ್ ಎಲೆಗಳನ್ನು ಸ್ವಲ್ಪ ನೀರಿನೊಂದಿಗೆ ರುಬ್ಬಿ ಸೋಸುತ್ತೇನೆ. 200 ಗ್ರಾಂ ಅಂಟಕ್ಕಿ ಹಿಟ್ಟಿಗೆ ಆ ಹಸಿರು ರಸವನ್ನು ಬೆಚ್ಚಗೆ ಮಾಡಿ ತುಸುತುಸುವೇ ಸೇರಿಸಿ, ಅಂಚು ಬಿರಿಯದಷ್ಟು ಮೃದುವಾಗಿ ನಾದುತ್ತೇನೆ. ಒಳಗಿಡುವುದು ಸಣ್ಣಗೆ ಕತ್ತರಿಸಿದ ‘ಗುಲಾ ಮೆಲಾಕಾ’, ಅಂದರೆ ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸವನ್ನು ಕಾಯಿಸಿ ಮಾಡಿದ ಬೆಲ್ಲ. ಸಕ್ಕರೆ ಬಳಸಿದರೆ ಆ ಹೊಗೆಮಿಶ್ರಿತ ಸವಿ ಬಾರದು. ಕುದಿಯುವ ನೀರಿನಲ್ಲಿ ಉಂಡೆ ತೇಲಿದ ಮೇಲೂ ಒಂದು ನಿಮಿಷ ಬಿಟ್ಟರೆ ಒಳಗಿನ ಬೆಲ್ಲ ಪೂರ್ತಿ ಕರಗುತ್ತದೆ. ಹೊರಳಿಸಲು ಬೇಕಾದ ತೆಂಗಿನ ತುರಿಗೆ ಚಿಟಿಕೆ ಉಪ್ಪು ಬೆರೆಸಿ, ಬೇಗ ಹಳಸದಂತೆ ಹಬೆಯಲ್ಲಿ ಬೇಯಿಸಿಡುತ್ತೇನೆ. ಬಿಸಿಯುಂಡೆಯನ್ನು ಒಡನೆ ಕಚ್ಚಬಾರದು, ಬೆಲ್ಲದ ಪಾಕ ಚಿಮ್ಮಿ ನಾಲಿಗೆ ಸುಡುತ್ತದೆ.

ಬುಟ್ಟಿಯ ಕೆಲಸ ಇದಕ್ಕಿಂತ ಬಹಳ ನಿಧಾನವಾದುದು. ಮೆಂಕುವಾಂಗ್ ಎಲೆಯ ಎರಡೂ ಅಂಚುಗಳಲ್ಲಿ ಮಾತ್ರವಲ್ಲ, ನಡುನರದ ಮೇಲೂ ಮುಳ್ಳುಗಳಿರುತ್ತವೆ. ಅವನ್ನು ತೆಗೆದು, ಸಮಾನ ಅಂತರದಲ್ಲಿ ಅಲಗುಗಳಿರುವ ‘ಜಂಕಾ’ ಎಂಬ ಸಾಧನವನ್ನು ಎಲೆಯುದ್ದಕ್ಕೂ ಎಳೆದರೆ ಒಂದೇ ಅಗಲದ ಪಟ್ಟಿಗಳು ದೊರೆಯುತ್ತವೆ. ಮಾಕ್‌ಚಿಕ್ ಪ್ರತಿಯೊಂದು ಪಟ್ಟಿಯನ್ನೂ ಹೆಬ್ಬೆರಳಿಗೂ ಬಿದಿರಿನ ತುಂಡಿಗೂ ನಡುವೆ ಒತ್ತಿ ಹಿಡಿದು ಸರ್ರನೆ ಎಳೆಯುತ್ತಾರೆ. ಗಡುಸಾಗಿದ್ದ ಎಲೆ ಅವರ ಕೈ ದಾಟುವಷ್ಟರಲ್ಲಿ ಬಟ್ಟೆಯ ಲಾಡಿಯಂತೆ ಬಳುಕುತ್ತದೆ. ಅನಂತರ ನೀರು ಬದಲಾಯಿಸುತ್ತ ನೆನೆಸಿ, ಹಸಿರು ಹೋಗಿ ಬಿಳಿಚುವವರೆಗೂ ಬಿಸಿಲಿನಲ್ಲಿ ಒಣಗಿಸಬೇಕು. ಬಣ್ಣ ಬೇಕೆಂದರೆ ಬಣ್ಣದ ನೀರಿನಲ್ಲಿ ಕುದಿಸಬೇಕು.

ಹೆಣಿಗೆಯನ್ನು ನಡುವಿನಿಂದ ಆರಂಭಿಸಿ, ಒಂದು ಮೇಲೆ, ಒಂದು ಕೆಳಗೆ ಎಂಬಂತೆ ಚೌಕಾಕಾರದ ತಳವನ್ನು ಹೆಣೆಯುತ್ತೇನೆ. ಬುಟ್ಟಿಯ ಮೂಲೆಗಳು ಚೌಕದ ಮೂಲೆಗಳಲ್ಲಿ ಬರುವುದಿಲ್ಲ, ಅದರ ಬದಿಗಳ ಮಧ್ಯದಲ್ಲಿ ಬರುತ್ತವೆ. ಅಲ್ಲಿ ಎಡಬಲದ ಪಟ್ಟಿಗಳನ್ನು ಒಂದರ ಮೇಲೊಂದು ಹಾಯಿಸಿ ಬಿಗಿದಾಗ ಗೋಡೆ ತಾನಾಗಿ ಮೇಲೇಳುತ್ತದೆ. ಕಲಿಯುವವರು ಅಲ್ಲಿಗೊಂದು ಬಟ್ಟೆಯ ಕ್ಲಿಪ್ಪು ಹಾಕಿಕೊಳ್ಳುವುದು ಒಳ್ಳೆಯದು. ಬಾಯಿಯ ಬಳಿ ಉಳಿದ ತುದಿಗಳನ್ನು ಹಿಂದಕ್ಕೆ ಮಡಚಿ ಹೆಣಿಗೆಯೊಳಗೇ ತೂರಿಸಿದರೆ ಅಂಟಾಗಲಿ ದಾರವಾಗಲಿ ಬೇಕಾಗುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯಲ್ಲೂ ಇದೇ ಬುಟ್ಟಿ ಆಗುತ್ತದೆ, ಆದರೆ ಎಲೆಯ ಹಾಗೆ ಮಡಿಕೆಯಲ್ಲಿ ಅದು ಕೂರುವುದಿಲ್ಲ. ಉಂಡೆಗಳನ್ನು ಇಡುವ ಮುನ್ನ ಒಳಗೆ ಬಾಳೆಲೆ ಹಾಸುತ್ತೇನೆ, ಏಕೆಂದರೆ ಅಂಟು ಹಿಡಿದ ಬುಟ್ಟಿಯನ್ನು ತೊಳೆದು ಸರಿಯಾಗಿ ಒಣಗಿಸದಿದ್ದರೆ ಇಲ್ಲಿನ ತೇವದ ಹವೆಯಲ್ಲಿ ಬೂಷ್ಟು ಹಿಡಿಯುತ್ತದೆ.