ಮೋಟಾರ್ ಹಾಕುವ ಮುನ್ನ ಮಣ್ಣಿನ ಹದ ನೋಡಿ

ಬೆಂಗಳೂರಿನ ಸುತ್ತಮುತ್ತ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಎಷ್ಟೋ ತೋಟಗಳಲ್ಲಿ ನೀರು ಹಾಯಿಸುವ ಹೊತ್ತನ್ನು ನಿರ್ಧರಿಸುವುದು ಮಣ್ಣಲ್ಲ, ತ್ರೀಫೇಸ್ ಕರೆಂಟು. ಕೊಳವೆಬಾವಿಯನ್ನೇ ನಂಬಿದ ಸೀಮೆಯಲ್ಲಿ ಬೆಳೆ ಕೇಳದ ನೀರನ್ನು ಪಾತಾಳದಿಂದ ಎತ್ತಿ ಸುರಿಯುವುದು ದುಬಾರಿ ತಪ್ಪು.

ಮೇಲ್ಮಣ್ಣು ನಮ್ಮನ್ನು ಮೋಸಗೊಳಿಸುತ್ತದೆ. ಟೊಮೆಟೊ ಸಾಲಿನಲ್ಲಿ ಬೂದಿಯಂತೆ ಒಣಗಿದ ಕೆಂಪು ಮಣ್ಣನ್ನು ಒಂದು ಗೇಣು ಆಳಕ್ಕೆ ಬಗೆದು ಹಿಡಿಯಷ್ಟು ತೆಗೆದು ಅದುಮಿ ನೋಡಿ; ಅದು ಉಂಡೆಗಟ್ಟಿ ಅಂಗೈಗೆ ತಂಪು ತಾಗಿಸಿದರೆ ನೀರಿಗೆ ಅವಸರವಿಲ್ಲ.

ಇದನ್ನೇ ಅಂಕಿಯಲ್ಲಿ ಹೇಳುವುದು ಟೆನ್ಸಿಯೋಮೀಟರ್. ನೀರು ತುಂಬಿದ ಕೊಳವೆ, ಅದರ ತುದಿಗೆ ಸೂಕ್ಷ್ಮ ರಂಧ್ರಗಳ ಸೆರಾಮಿಕ್ ಬಟ್ಟಲು, ಮೇಲೆ ಮುಳ್ಳಿನ ಮಾಪಕ. ಮಣ್ಣು ಒಣಗಿದಂತೆಲ್ಲ ಬಟ್ಟಲಿನ ಮೂಲಕ ನೀರನ್ನು ಎಳೆಯುತ್ತದೆ. ಆ ಎಳೆತವನ್ನು ಮುಳ್ಳು ಸೆಂಟಿಬಾರ್‌ಗಳಲ್ಲಿ ತೋರಿಸುತ್ತದೆ.

ಬಟ್ಟಲನ್ನು ಇಡೀ ರಾತ್ರಿ ನೀರಿನಲ್ಲಿ ನೆನೆಸಿ, ಕುದಿಸಿ ಆರಿಸಿದ ನೀರನ್ನು ಗುಳ್ಳೆಯಿಲ್ಲದಂತೆ ಕೊಳವೆಗೆ ತುಂಬಿ. ಕೊಳವೆಯಷ್ಟೇ ಅಗಲದ ಕುಳಿ ತೋಡಿ, ತಳಕ್ಕೆ ಅದೇ ಮಣ್ಣಿನ ತೆಳು ಕೆಸರು ಸುರಿದು ನೆಡಿ. ಈ ಕೆಸರನ್ನು ಮರೆಯಬೇಡಿ, ಏಕೆಂದರೆ ಬಟ್ಟಲಿಗೂ ಮಣ್ಣಿಗೂ ನಡುವೆ ಗಾಳಿ ಉಳಿದರೆ ಅಳತೆ ಕೆಡುತ್ತದೆ. ತರಕಾರಿಗೆ 15 ಸೆಂ.ಮೀ. ಆಳದಲ್ಲೊಂದು, 30 ಸೆಂ.ಮೀ. ಆಳದಲ್ಲೊಂದು ಇರಲಿ.

ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಡಿ. ಮುಳ್ಳು 10ಕ್ಕಿಂತ ಕೆಳಗಿದ್ದರೆ ಮಣ್ಣು ತೊಯ್ದಿದೆ. ಮರಳು ಮಿಶ್ರಿತ ಕೆಂಪು ಮಣ್ಣಿನ ತರಕಾರಿಗೆ 15 ಸೆಂ.ಮೀ. ಆಳದ ಮಾಪಕ 25ರ ಆಸುಪಾಸಿಗೆ ಬಂದಾಗ ನೀರು ಕೊಡಿ. ಜಿಗುಟು ಮಣ್ಣಾದರೆ ಇನ್ನೂ ಕಾಯಬಹುದು. 30 ಸೆಂ.ಮೀ. ಆಳದ ಮಾಪಕ ಸದಾ 10ರೊಳಗೇ ನಿಂತಿದ್ದರೆ ನೀರು ಬೇರನ್ನು ದಾಟಿ ಸೋರುತ್ತಿದೆ, ಗೊಬ್ಬರವೂ ಅದರೊಡನೆ ಇಳಿಯುತ್ತಿದೆ.

ಎಷ್ಟು ಕೊಡಬೇಕೆಂಬುದಕ್ಕೆ ತೂಕದ ಲೆಕ್ಕವಿದೆ. ಹಸಿ ಮಣ್ಣು 113 ಗ್ರಾಂ, ಅದನ್ನೇ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿದಾಗ 100 ಗ್ರಾಂ ಆದರೆ ತೇವಾಂಶ ಶೇ 13. ಆ ಮಣ್ಣು ಹಿಡಿದಿಡಬಲ್ಲದ್ದು ಶೇ 18 ಎಂದುಕೊಂಡರೆ ಕೊರತೆ ಶೇ 5. ಮಣ್ಣಿನ ಸಾಂದ್ರತೆ ಘನ ಸೆಂ.ಮೀ.ಗೆ 1.5 ಗ್ರಾಂ, ಬೇರಿನ ಆಳ 300 ಮಿ.ಮೀ. ಎಂದು ಹಿಡಿದು ಈ ಕೊರತೆಯೊಡನೆ ಗುಣಿಸಿದರೆ 22.5 ಮಿ.ಮೀ. ನೀರು, ಅಂದರೆ ಗುಂಟೆಗೆ ಸುಮಾರು 2,270 ಲೀಟರ್. ಹನಿ ನೀರಾವರಿಯಲ್ಲಿ ತೊಯ್ಯುವಷ್ಟು ನೆಲಕ್ಕೆ ಮಾತ್ರ ಈ ಲೆಕ್ಕ ಹಿಡಿಯಿರಿ.

ಒಂದು ಎಚ್ಚರಿಕೆ: ಎಳೆತ 80 ದಾಟಿದರೆ ಕೊಳವೆಯೊಳಗೆ ಗಾಳಿ ನುಗ್ಗಿ ಮುಳ್ಳು ಸೊನ್ನೆಗೆ ಕುಸಿಯಬಹುದು, ಬಾಯಾರಿದ ಮಣ್ಣು ತೊಯ್ದಂತೆ ಕಾಣುತ್ತದೆ. ಆಗ ಹೊಲಕ್ಕೆ ನೀರು ಕೊಟ್ಟು, ಕೊಳವೆಯನ್ನು ಮತ್ತೆ ತುಂಬಿ, ಒಂದು ದಿನ ಬಿಟ್ಟು ಮುಳ್ಳು ನೋಡಿ.