ಅರವತ್ತರ ನಂತರದ ಬಾಸ್ ಗಾಳ: ನನ್ನ ಅನುಭವ

ಅಮೆರಿಕದ ಸಿಹಿನೀರಿನ ಬೇಟೆಗಾರ ಮೀನಾದ ಬಾಸ್‌ಗೆ ಗಾಳ ಹಾಕುವವನ ಅತ್ಯುತ್ತಮ ವರ್ಷಗಳು ಯಾವುವು ಎಂಬ ಚರ್ಚೆ ಡಲ್ಲಾಸ್‌ನ ನಮ್ಮ ಕ್ಲಬ್ಬಿನಲ್ಲಿ ಎದ್ದಾಗಲೆಲ್ಲ ಮೂವತ್ತರವರು ಮೂವತ್ತನ್ನೂ ಅರವತ್ತರವರು ಅರವತ್ತನ್ನೂ ಸಮರ್ಥಿಸಿಕೊಳ್ಳುವುದು ವಾಡಿಕೆ. ನನಗೀಗ ಅರವತ್ತಮೂರು. ತೀರ್ಥಹಳ್ಳಿ ಕಡೆಯ ಹೊಳೆಯಲ್ಲಿ ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ಕಾಯುತ್ತ ಬೆಳೆದವನು ನಾನು. ಕೆಲಸದ ನಿಮಿತ್ತ ತೊಂಬತ್ತರ ದಶಕದ ನಡುವಿನಲ್ಲಿ ಟೆಕ್ಸಸ್‌ಗೆ ಬಂದ ಮೇಲೆ ಈ ಕೃತಕ ಎರೆಯ ವಿದ್ಯೆಯನ್ನು ಕಲಿತೆ. ಅಂದಿನಿಂದ ಬರೆದಿಟ್ಟುಕೊಂಡು ಬಂದ ದಿನಚರಿಗಳನ್ನು ತಿರುವಿ ನೋಡಿದರೆ ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಎಣಿಕೆಯಲ್ಲಿ ಅತಿ ಹೆಚ್ಚು ಮೀನು ಸಿಕ್ಕಿದ್ದು ಮೂವತ್ತರ ಕೊನೆಯ ವರ್ಷಗಳಲ್ಲಿ. ತೂಕದ ಮೀನುಗಳೂ ಕ್ಲಬ್ ಪಂದ್ಯಗಳ ಒಳ್ಳೆಯ ಸ್ಥಾನಗಳೂ ಬಂದದ್ದು ನಲವತ್ತೆಂಟರಿಂದ ಐವತ್ತೇಳರ ನಡುವೆ. ಇನ್ನು, ಎಲ್ಲಿಗೆ ಹೋಗಬೇಕು, ಯಾವಾಗ ಜಾಗ ಬಿಡಬೇಕು ಎಂಬ ತೀರ್ಮಾನವೊಂದನ್ನೇ ಅಳೆಯುವುದಾದರೆ ಈಗಿನಷ್ಟು ಚೆನ್ನಾಗಿ ನಾನು ಹಿಂದೆಂದೂ ಗಾಳ ಹಾಕಿರಲಿಲ್ಲ. ಆದರೆ ಆ ತೀರ್ಮಾನವನ್ನು ಕೈ ಪಾಲಿಸುವುದು ದಿನದ ಮೊದಲ ನಾಲ್ಕು ಗಂಟೆ ಮಾತ್ರ.

ವೃತ್ತಿಪರರ ದಾಖಲೆಯೂ ಇದೇ ಗೊಂದಲವನ್ನು ತೋರಿಸುತ್ತದೆ. 1971ರಲ್ಲಿ ಆರಂಭವಾದ ಬಾಸ್‌ಮಾಸ್ಟರ್ ಕ್ಲಾಸಿಕ್ ಈ ಕ್ರೀಡೆಯ ಅತಿ ದೊಡ್ಡ ಪಂದ್ಯ. ಅದನ್ನು ನಾಲ್ಕು ಬಾರಿ ಗೆದ್ದವರು ಇಬ್ಬರೇ: 1976, 1977, 1984 ಮತ್ತು 1990ರಲ್ಲಿ ರಿಕ್ ಕ್ಲನ್, 2001, 2005, 2010 ಮತ್ತು 2011ರಲ್ಲಿ ಕೆವಿನ್ ವ್ಯಾನ್‌ಡ್ಯಾಮ್. ಕ್ಲನ್ ಅವರಿಗೆ ಮೊದಲ ಗೆಲುವಿನ ಹೊತ್ತಿಗೆ 30 ವರ್ಷ, ಕೊನೆಯದಕ್ಕೆ 44. ವ್ಯಾನ್‌ಡ್ಯಾಮ್ ಅವರಿಗೆ 33 ಮತ್ತು 43. ಇಷ್ಟನ್ನೇ ನೋಡಿದರೆ ಮೂವತ್ತರಿಂದ ನಲವತ್ತೈದರವರೆಗೆ ಎಂದು ಗೆರೆ ಎಳೆದುಬಿಡಬಹುದು. ಆದರೆ ಅದೇ ಕ್ಲನ್ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ 2016ರಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ, ಮೇಲ್ಮಟ್ಟದ ಪಂದ್ಯವೊಂದನ್ನು ಗೆದ್ದರು. 2019ರಲ್ಲಿ ಅದೇ ನದಿಯಲ್ಲಿ 72ನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಗೆದ್ದರು. ಎರಡೂ ಗೆಲುವು ಒಂದೇ ನದಿಯಲ್ಲಿ ಬಂದದ್ದನ್ನು ನಾನು ಕಾಕತಾಳೀಯವೆಂದು ಭಾವಿಸುವುದಿಲ್ಲ. ದಶಕಗಳಿಂದ ಪಂದ್ಯ ಆಡಿ ಬಲ್ಲ ನೀರಿನಲ್ಲಿ ಅನುಭವಕ್ಕೆ ಬರುವ ಬೆಲೆ ಹೊಸ ನೀರಿನಲ್ಲಿ ಬರುವುದಿಲ್ಲ. ಇದಕ್ಕೆ ಎದುರಾಗಿ, 2024ರಲ್ಲಿ ಟೆಕ್ಸಸ್‌ನ ಲೇಕ್ ಫೋರ್ಕ್‌ನಲ್ಲಿ ಟ್ರೇ ಮೆಕಿನ್ನಿ ಎಂಬ 19ರ ಹುಡುಗ ನಾಲ್ಕು ದಿನಗಳಲ್ಲಿ ಒಟ್ಟು 130 ಪೌಂಡ್ 15 ಔನ್ಸ್, ಅಂದರೆ ಸುಮಾರು 59 ಕಿಲೋ ಮೀನು ಹಿಡಿದು ತೂಗಿ ಗೆದ್ದ. 2025ರ ಕ್ಲಾಸಿಕ್ ಅನ್ನು ಗೆದ್ದ ಈಸ್ಟನ್ ಫಾದರ್‌ಗಿಲ್ ವಯಸ್ಸು 22. ಈ ಹುಡುಗರ ವಿಷಯಕ್ಕೆ ಮುಂದೆ ಬರುತ್ತೇನೆ.

ನನ್ನ ಒಳ್ಳೆಯ ವರ್ಷಗಳ ಲೆಕ್ಕ ಹಾಕುವಾಗ ಬಹಳ ಜನ ಮರೆಯುವ ಒಂದು ಸಂಗತಿಯನ್ನು ಮೊದಲೇ ಹೇಳಬೇಕು: ಗಾಳಗಾರನಿಗೆ ಮಾತ್ರವಲ್ಲ, ಜಲಾಶಯಕ್ಕೂ ವಯಸ್ಸಾಗುತ್ತದೆ. ಹೊಸದಾಗಿ ನೀರು ನಿಂತ ಕಡೆ ಮುಳುಗಿದ ಗಿಡಗಂಟಿ, ಹುಲ್ಲು, ಮಣ್ಣುಗಳಿಂದ ಪೋಷಕಾಂಶ ಬಿಡುಗಡೆಯಾಗಿ, ಕೆಲವು ವರ್ಷ ಸಣ್ಣ ಮೀನುಗಳೂ ಅವನ್ನು ತಿನ್ನುವ ಬಾಸ್‌ಗಳೂ ಅಸಾಧಾರಣವಾಗಿ ಬೆಳೆಯುತ್ತವೆ; ಆಮೇಲೆ ಆ ಉಬ್ಬರ ಇಳಿಯುತ್ತದೆ, ಒಳಗೆ ನಿಂತಿದ್ದ ಮರಗಳು ಕೊಳೆತು ಬೀಳುತ್ತವೆ, ಹೂಳು ತುಂಬುತ್ತದೆ. ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿಯಲ್ಲಿರುವ ಲೇಕ್ ಫೋರ್ಕ್‌ಗೆ 1980ರಲ್ಲಿ ನೀರು ನಿಲ್ಲಿಸಲಾಯಿತು. 1986ರಲ್ಲಿ ಅಲ್ಲಿ ಸಿಕ್ಕ 17.67 ಪೌಂಡಿನ ಹೆಣ್ಣು ಬಾಸ್‌ನಿಂದಲೇ, 13 ಪೌಂಡ್ ದಾಟಿದ ಮೀನುಗಳನ್ನು ಎರವಲು ಪಡೆದು ಮರಿ ಮಾಡಿಸುವ ರಾಜ್ಯದ ಶೇರ್‌ಲಂಕರ್ ಯೋಜನೆ ಶುರುವಾಯಿತು. ಟೆಕ್ಸಸ್‌ನ ದಾಖಲೆಯಾದ 18.18 ಪೌಂಡಿನ, ಅಂದರೆ ಎಂಟು ಕಿಲೋ ಮೀರಿದ ಬಾಸ್ ಸಿಕ್ಕಿದ್ದು 1992ರ ಜನವರಿಯಲ್ಲಿ, ಅದೇ ನೀರಿನಲ್ಲಿ. ಆ ಕಾಲದಲ್ಲಿ ಅಲ್ಲಿ ಮೂವತ್ತರ ಪ್ರಾಯದಲ್ಲಿದ್ದವರು ತಮ್ಮ ಪ್ರಾಯವೇ ಶ್ರೇಷ್ಠವೆಂದು ನಂಬಿದರೆ ಅದರಲ್ಲಿ ಅರ್ಧ ಪಾಲು ಜಲಾಶಯಕ್ಕೆ ಸಲ್ಲಬೇಕು. ನಾನು ಬಂದದ್ದು ಆ ಉಬ್ಬರ ತಗ್ಗಿದ ಮೇಲೆ. ಹಾಗಿದ್ದೂ ನನ್ನ ದೊಡ್ಡ ಮೀನುಗಳು ನಲವತ್ತೆಂಟರ ಆಚೆಗೆ ಸಿಕ್ಕವೆಂದರೆ, ನೀರು ಬಡವಾದಷ್ಟನ್ನು ಅನುಭವ ತುಂಬಿಕೊಟ್ಟಿತೆಂದು ನಾನು ಓದಿಕೊಳ್ಳುತ್ತೇನೆ.

ದೇಹದ ವಿಷಯದಲ್ಲಿ ನನಗೆ ಮೊದಲು ಕೈಕೊಟ್ಟದ್ದು ಭುಜವೂ ಅಲ್ಲ, ಸೊಂಟವೂ ಅಲ್ಲ, ಕಣ್ಣು. ನಲವತ್ತರ ನಂತರ ಚಾಳೀಸು ಎಲ್ಲರಿಗೂ ಬರುತ್ತದೆ. ಆದರೆ ಬೆಳಗಿನ ಜಾವದ ಮಬ್ಬಿನಲ್ಲಿ, ತೂಗುವ ದೋಣಿಯ ಮೇಲೆ, ನೀರಿನಲ್ಲಿ ಕಾಣದಿರಲೆಂದೇ ತಯಾರಿಸಿದ ಫ್ಲೋರೋಕಾರ್ಬನ್ ದಾರಕ್ಕೆ ಗಂಟು ಹಾಕಬೇಕಾದವನಿಗೆ ಅದರ ಅರ್ಥ ಬೇರೆಯೇ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲವಾದ್ದರಿಂದ, ಬಾಸ್ ಹಸಿದು ದಡಕ್ಕೆ ಬರುವ ಆ ಅಮೂಲ್ಯವಾದ ಅರ್ಧ ಗಂಟೆಯೇ ನಮ್ಮಂಥವರಿಗೆ ಅತಿ ಕುರುಡು ಹೊತ್ತು. ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಹಿಂದಿನ ಸಂಜೆಯೇ ಮನೆಯ ಊಟದ ಮೇಜಿನ ಮೇಲೆ, ಒಳ್ಳೆಯ ದೀಪದ ಕೆಳಗೆ, ಆರು ರಾಡ್‌ಗಳಿಗೆ ಎಲ್ಲ ಗಂಟುಗಳನ್ನೂ ಹಾಕಿ, ಒದ್ದೆ ಮಾಡಿ ಎಳೆದು ಪರೀಕ್ಷಿಸಿ ಇಡುತ್ತೇನೆ. ಎರೆ ಕಡಿದು ಹೋದರೆ ಸೂರ್ಯ ಏರುವವರೆಗೆ ಆ ರಾಡನ್ನು ಬದಿಗಿಟ್ಟು ಮುಂದಿನದನ್ನು ಎತ್ತಿಕೊಳ್ಳುತ್ತೇನೆ. ಮೃದು ಪ್ಲಾಸ್ಟಿಕ್ ಹುಳುವನ್ನು ಮೀನು ಬಾಯಿಗೆ ತೆಗೆದುಕೊಂಡದ್ದು ಎಷ್ಟೋ ಸಲ ಕೈಗೆ ತಿಳಿಯುವ ಮೊದಲು ದಾರದ ಸಣ್ಣ ನೆಗೆತದಿಂದ ಕಣ್ಣಿಗೆ ತಿಳಿಯುತ್ತದೆ. ಅದು ಕಾಣದಾದ ಮೇಲೆ ಎದ್ದು ಕಾಣುವ ಹಳದಿ ಹೆಣೆದ ದಾರವನ್ನು ರೀಲಿಗೆ ತುಂಬಿ, ಅದರ ತುದಿಗೆ ಮಾತ್ರ ಕಾಣದ ದಾರದ ತುಂಡನ್ನು ಸೇರಿಸತೊಡಗಿದೆ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೊಗ್ರೆಸಿವ್ ಕನ್ನಡಕವನ್ನು ದೋಣಿಯಲ್ಲಿ ಧರಿಸುವುದನ್ನು ನಿಲ್ಲಿಸಿದ್ದೇನೆ. ಅದರ ಕೆಳಭಾಗದಿಂದ ನೋಡಿದರೆ ಕಾಲಕೆಳಗಿನ ಮೆಟ್ಟಿಲು ಮಸುಕಾಗುತ್ತದೆ, ದೋಣಿಯ ಅಂಚಿನಲ್ಲಿ ನಿಂತವನಿಗೆ ಅದು ಆಗದ ಮಾತು. ಪೋಲರೈಸ್ಡ್ ದೂರದೃಷ್ಟಿಯ ಕನ್ನಡಕ ಮುಖದ ಮೇಲೆ, ಓದುವ ಕನ್ನಡಕ ಕೊರಳಲ್ಲಿ.

ಭುಜ, ಮೊಣಕೈಗಳ ಕಥೆ ಇಷ್ಟು ಉದ್ದವಲ್ಲ. ಎಳೆದಾಗ ಆಳಕ್ಕೆ ಇಳಿಯುವ, ಕ್ರ್ಯಾಂಕ್‌ಬೇಟ್ ಎಂಬ ಮೀನಿನಾಕಾರದ ದೊಡ್ಡ ಗಟ್ಟಿ ಎರೆಯನ್ನು ದಿನವಿಡೀ ಎಸೆದು ಎಳೆಯುವುದು ಯುವಕರ ಕೆಲಸ. ನಾನು ಅದನ್ನು ಬೇಸಿಗೆಯ ಕೆಲವೇ ಜಾಗಗಳಿಗೆ, ಕಡಿಮೆ ಗೇರ್ ಅನುಪಾತದ, ಆದ್ದರಿಂದ ತಿರುಗಿಸಲು ಹಗುರವಾದ ರೀಲಿನೊಂದಿಗೆ ಉಳಿಸಿಕೊಂಡು, ಮಿಕ್ಕ ಹೊತ್ತು ಜಿಗ್ ಎಂಬ ಭಾರದ ತಲೆಯ ಎರೆಯನ್ನೂ ಪ್ಲಾಸ್ಟಿಕ್ ಹುಳುಗಳನ್ನೂ ತಳದಲ್ಲಿ ನಿಧಾನವಾಗಿ ಆಡಿಸುತ್ತೇನೆ. ಒಂಟಿಕಾಲಿನಲ್ಲಿ ನಿಂತು ಇನ್ನೊಂದು ಕಾಲಿನಿಂದ, ದೋಣಿಯನ್ನು ಸದ್ದಿಲ್ಲದೆ ನಿಧಾನವಾಗಿ ನಡೆಸುವ ಟ್ರೋಲಿಂಗ್ ಮೋಟರಿನ ಪೆಡಲನ್ನು ಒತ್ತುತ್ತಲೇ ಇರುವುದು ಸೊಂಟವನ್ನು ತಿನ್ನುವ ಅಭ್ಯಾಸ. ಜಿಪಿಎಸ್ ಸಹಾಯದಿಂದ ದೋಣಿಯನ್ನು ತಾನೇ ಒಂದೆಡೆ ಹಿಡಿದು ನಿಲ್ಲಿಸುವ ಮೋಟರು ಬಂದದ್ದು ನನ್ನ ಗಾಳದ ಆಯುಷ್ಯಕ್ಕೆ ಕೆಲವು ವರ್ಷಗಳನ್ನಾದರೂ ಕೂಡಿಸಿದೆ. ಟೆಕ್ಸಸ್‌ನ ಜುಲೈ, ಆಗಸ್ಟ್‌ಗಳಲ್ಲಿ ಉಷ್ಣಾಂಶ 38 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ, ಅದರ ಮೇಲೆ ರಕ್ತದೊತ್ತಡದ ಮಾತ್ರೆ ಬೇರೆ. ಹಾಗಾಗಿ ಬೇಸಿಗೆಯ ಹಗಲನ್ನು ನಾನು ಪೂರ್ತಿಯಾಗಿ ಬಿಟ್ಟು ರಾತ್ರಿಗೆ ಹೊರಳಿದ್ದೇನೆ. ಲೈಫ್ ಜಾಕೆಟ್ ಎಂಜಿನ್ ಓಡುವಾಗ ಮಾತ್ರವಲ್ಲ, ನಿಂತಾಗಲೂ ಮೈಮೇಲಿರುತ್ತದೆ. ಫೆಬ್ರವರಿಯ ತಣ್ಣೀರಿಗೆ ಬಿದ್ದ ಅರವತ್ತು ದಾಟಿದವನು ತಾನೇ ಹತ್ತಿ ಬರುತ್ತೇನೆಂದು ನಂಬುವುದು ಮೂರ್ಖತನ, ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಇಷ್ಟೆಲ್ಲ ಕಳೆದುಕೊಂಡ ಮೇಲೂ ಫಲ ಕುಸಿಯದಿರಲು ಕಾರಣವೇನು? ಅನುಭವವೆಂದರೆ ಹೆಚ್ಚು ಜಾಗಗಳನ್ನು ಬಲ್ಲದ್ದೆಂದು ಹೊಸಬರು ಭಾವಿಸುತ್ತಾರೆ. ನನ್ನ ಮಟ್ಟಿಗೆ ಅದು ಹೆಚ್ಚು ಜಾಗಗಳನ್ನು ಬಿಡಲು ಕಲಿತದ್ದು. ಅಡಕೆ ಕೊನೆ ತೆಗೆಯುವ ಹಿರಿಯ ಕೊನೆಗಾರ ಮರ ಹತ್ತುವ ಮೊದಲೇ, ನೆಲದ ಮೇಲೆ ನಿಂತು, ಇಂದು ಯಾವ ಮರ ಬೇಡವೆಂದು ಹೇಳಬಲ್ಲನಲ್ಲ, ಹಾಗೆ. ಫೋರ್ಕ್‌ನ ವಿಸ್ತಾರ 27,000 ಎಕರೆಗೂ ಹೆಚ್ಚು. ಮೂವತ್ತೈದರಲ್ಲಿ ನಾನು ಅದನ್ನೆಲ್ಲ ಓಡಿ ಮುಗಿಸಲು ನೋಡುತ್ತಿದ್ದೆ, ಓಡುವ ಶಕ್ತಿಯೂ ಇತ್ತು. ಈಗ ಮಾರ್ಚ್ ಮೊದಲ ವಾರದಲ್ಲಿ ನೀರು 13 ಡಿಗ್ರಿಯಿದ್ದು, ಎರಡು ದಿನದಿಂದ ಬೆಚ್ಚಗಿನ ತೆಂಕಣ ಗಾಳಿ ಬೀಸುತ್ತಿದ್ದರೆ, ತತ್ತಿ ತುಂಬಿದ ಹೆಣ್ಣುಗಳು ಆಳದಿಂದ ಹೊರಟು ದಡದತ್ತ ಹೋಗುವ ದಾರಿಯಲ್ಲಿ ಎಲ್ಲಿ ತಂಗುತ್ತವೆ ಎಂಬುದೊಂದೇ ಪ್ರಶ್ನೆ. ಹಳೆಯ ಹಳ್ಳದ ಪಾತ್ರ ಬಾಗಿ ದಿಣ್ಣೆಯೊಂದಕ್ಕೆ ತಾಗುವ, ಅಲ್ಲಿಯೇ ಹುಲ್ಲಿನ ಅಂಚು ಮುಗಿಯುವ ತಾಣಗಳು ಆ ದಿನಕ್ಕೆ ನಾಲ್ಕೋ ಐದೋ ಇರುತ್ತವೆ. ಉಳಿದ ನೀರಿನ ಮೇಲೆ ನಾನು ಒಂದು ಎಸೆತವನ್ನೂ ವ್ಯಯಿಸುವುದಿಲ್ಲ. ಮೇ ತಿಂಗಳ ನಸುಕಿನಲ್ಲಿ ಶ್ಯಾಡ್ ಎಂಬ ಸಣ್ಣ ಮೀನುಗಳು ದಡದ ಕಲ್ಲು, ಹುಲ್ಲುಗಳ ಮೇಲೆ ಮೊಟ್ಟೆಯಿಡುವ ಸಮಯದಲ್ಲಿ, ಸೂರ್ಯ ಮರಗಳ ಮೇಲೆ ಬಂದೊಡನೆ ಆ ಆಟ ಮುಗಿಯುತ್ತದೆಂದು ತಿಳಿದಿರುವುದರಿಂದ, ಮೀನು ಇನ್ನೂ ಕಚ್ಚುತ್ತಿರುವಾಗಲೇ ಮುಂದಿನ ಜಾಗಕ್ಕೆ ಹೊರಡುತ್ತೇನೆ. ಹಿಂದಿನ ನನಗೆ ಅದು ಆಗುತ್ತಿರಲಿಲ್ಲ. ದೊಡ್ಡ ಬಾಸ್ ಕೂಡ ಎಳೆಯ ಮೀನಲ್ಲ. 13 ಪೌಂಡ್ ತೂಗಲು ಅದಕ್ಕೆ ಸಾಮಾನ್ಯವಾಗಿ ಎಂಟು-ಹತ್ತು ವರ್ಷ ಬೇಕು, ಅಷ್ಟರಲ್ಲಿ ಅದು ಎಷ್ಟೋ ಎರೆಗಳನ್ನು ಕಂಡಿರುತ್ತದೆ. ಅಂಥ ಮೀನಿಗೆ ಎಸೆತದ ಸಂಖ್ಯೆಗಿಂತ ಮೊದಲ ಎಸೆತದ ಕೋನ, ದೋಣಿಯ ಸದ್ದು, ನೆರಳು ಬೀಳುವ ದಿಕ್ಕು ಮುಖ್ಯ. ಇವು ಪ್ರಾಯ ಕಳೆದರೂ ಕಳೆಯದ ಸಂಗತಿಗಳು.

ಆದರೆ ಇದೇ ಅನುಭವಕ್ಕೆ ಒಂದು ರೋಗವೂ ಇದೆ. ಹತ್ತು ವರ್ಷದ ಹಿಂದೆ ದೊಡ್ಡ ಮೀನು ಕೊಟ್ಟ ಮರದ ಬೊಡ್ಡೆಗೆ, ಆ ಮರವೇ ಬಿದ್ದುಹೋದ ಮೇಲೂ, ಎಸೆಯುತ್ತಲೇ ಇರುವ ಹಿರಿಯರನ್ನು ಪ್ರತಿ ಕ್ಲಬ್ಬಿನಲ್ಲೂ ಕಾಣಬಹುದು. ಅವರ ಕೈಕಾಲು ಗಟ್ಟಿಯಾಗಿಯೇ ಇರುತ್ತವೆ. ನೆನಪು ನೀರಿಗಿಂತ ದೊಡ್ಡದಾಗಿರುತ್ತದೆ. ಗಾಳಗಾರನ ಒಳ್ಳೆಯ ವರ್ಷಗಳು ಕೊನೆಯಾಗುವುದು ಬಹುಪಾಲು ಹೀಗೆ ಎಂದೇ ನನ್ನ ಎಣಿಕೆ. ದಿನಚರಿ ನನಗೆ ಇಲ್ಲಿ ಸಹಾಯಕ್ಕೆ ಬರುತ್ತದೆ, ಏಕೆಂದರೆ ಅದರಲ್ಲಿ ಸಿಕ್ಕ ಮೀನುಗಳಿಗಿಂತ ಸಿಗದ ಜಾಗಗಳನ್ನು ಹೆಚ್ಚು ಶ್ರದ್ಧೆಯಿಂದ ಬರೆದಿಡುತ್ತೇನೆ: ನೀರಿನ ಉಷ್ಣಾಂಶ, ಮಟ್ಟ, ಗಾಳಿ, ಹುಲ್ಲು ಎಲ್ಲಿಯವರೆಗೆ ಬೆಳೆದಿತ್ತು ಎಂಬುದು, ಅದರ ಮುಂದೆ ಒಂದು ಸೊನ್ನೆ. ಎರಡು ವಸಂತಗಳಲ್ಲಿ ಸತತವಾಗಿ ಸೊನ್ನೆ ಕಂಡ ಜಾಗವನ್ನು, ಹಿಂದೆ ಅದು ಎಷ್ಟೇ ಕೊಟ್ಟಿರಲಿ, ನಕ್ಷೆಯಿಂದ ಅಳಿಸುತ್ತೇನೆ.

ಇನ್ನು ಆ ಹುಡುಗರ ವಿಷಯ. ದೋಣಿಯ ಮುಂದೆ ಇರುವ ಮೀನನ್ನು, ಅದರತ್ತ ಇಳಿಯುತ್ತಿರುವ ಎರೆಯನ್ನು, ಎರೆಗೆ ಮೀನು ತಿರುಗುವುದನ್ನು ಆಯಾ ಕ್ಷಣಕ್ಕೇ ಶಬ್ದದ ಅಲೆಗಳ ಮೂಲಕ ಪರದೆಯ ಮೇಲೆ ತೋರಿಸುವ ಮುಂಬದಿಯ ಸೋನಾರ್ 2018ರಲ್ಲಿ ಗಾರ್ಮಿನ್ ಕಂಪನಿಯ ಲೈವ್‌ಸ್ಕೋಪ್ ಬಂದಾಗಿನಿಂದ ಈ ಕ್ರೀಡೆಯನ್ನು ಬದಲಿಸಿದೆ. ಮೀನು ಎಲ್ಲಿದೆ ಎಂದು ಊಹಿಸಲು ನಮಗೆ ಬೇಕಾಗಿದ್ದ ಇಪ್ಪತ್ತು ವರ್ಷಗಳಲ್ಲಿ ಬಹುಪಾಲನ್ನು ಆ ಯಂತ್ರ ಒಂದೆರಡು ಋತುಗಳಿಗೆ ಇಳಿಸಿತು. ಪರದೆ ನೋಡುತ್ತಲೇ ಕೈ ಆಡಿಸುವ ಚುರುಕು ಇಪ್ಪತ್ತರವರಲ್ಲಿ ಹೆಚ್ಚು. ದೊಡ್ಡ ಪಂದ್ಯಗಳ ಸಂಘಟಕರು ಅದರ ಬಳಕೆಗೆ ಮಿತಿ ಹಾಕತೊಡಗಿದ್ದಾರೆ. ಅದು ಮೋಸವೆಂದು ಗೊಣಗುವ ನನ್ನ ವಯಸ್ಸಿನವರ ಜೊತೆ ನಾನು ಸೇರುವುದಿಲ್ಲ, ಏಕೆಂದರೆ ನಮ್ಮ ಕಾಲದ ಸೋನಾರನ್ನು ಕಂಡು ನಮಗಿಂತ ಹಿರಿಯರೂ ಹೀಗೆಯೇ ಗೊಣಗಿದ್ದರು. ಎರಡು ಗಂಟೆ ಪರದೆ ನೋಡಿದರೆ ನನ್ನ ಕಣ್ಣು ಉರಿಯುವುದು ನಿಜ. ಆದ್ದರಿಂದ ನಾನು ಅದನ್ನು ಮೀನು ಹುಡುಕಲು ಬಳಸದೆ, ನೆನಪನ್ನು ಪರೀಕ್ಷಿಸಲು ಬಳಸುತ್ತೇನೆ. ಹಳೆಯ ತಾಣಕ್ಕೆ ಹೋದೊಡನೆ ಒಂದು ಸುತ್ತು ನೋಡಿ, ಸಣ್ಣ ಮೀನುಗಳ ಗುಂಪೂ ಇಲ್ಲ, ಮರವೂ ಇಲ್ಲವೆಂದಾದರೆ ಎಸೆಯದೆ ಹೊರಡುತ್ತೇನೆ.

ಈಚಿನ ವರ್ಷಗಳಲ್ಲಿ ಜೊತೆಯಾಗಿ ಬರುವವನು ಸ್ನೇಹಿತರೊಬ್ಬರ ಮಗ, ಇಲ್ಲಿಯೇ ಹುಟ್ಟಿ ಬೆಳೆದವನು, ಇಪ್ಪತ್ತಾರರ ಪ್ರಾಯ. ಮುಂಭಾಗದಲ್ಲಿ ಪರದೆಯ ಎದುರು ಅವನು, ಹಿಂದೆ ಸೀಟಿನಲ್ಲಿ ಹುಳು ಆಡಿಸುತ್ತ ನಾನು. "ಅಂಕಲ್, ಇಲ್ಲಿ ಮೂರು ಮೀನಿವೆ, ಯಾವುದೂ ತಿರುಗಿ ನೋಡ್ತಿಲ್ಲ" ಎಂದು ಅವನು ಹೇಳಿದಾಗ ಅವು ಏಕೆ ತಿರುಗುತ್ತಿಲ್ಲ, ಎಷ್ಟು ಹೊತ್ತಿಗೆ ತಿರುಗಬಹುದು, ಕಾಯಬೇಕೇ ಬಿಡಬೇಕೇ ಎಂಬುದು ನನ್ನ ಪಾಲಿನ ಕೆಲಸ. ಅವನಿಗೆ ಕಾಣುವ ಮೀನನ್ನು ಬಿಟ್ಟು ಹೊರಡುವುದು ಸಂಕಟ. ನನಗೆ ಕಾಣದ ಮೀನಿನ ಮೇಲೆ ನಂಬಿಕೆ ಹೆಚ್ಚು. ಈ ವಿಷಯದಲ್ಲಿ ವಾದ ಮುಗಿಯದೆ ಹೋದದ್ದರಿಂದ, ನಸುಕಿನಿಂದ ಎಂಟು ಗಂಟೆಯವರೆಗೆ ನನ್ನ ಮಾತು, ಆಮೇಲೆ ಅವನ ಮಾತು ಎಂದು ಗೊತ್ತುಮಾಡಿಕೊಂಡಿದ್ದೇವೆ. ಮಧ್ಯಾಹ್ನದ ಹೊತ್ತಿಗೆ ನಾನು ರಾಡ್ ಕೆಳಗಿಟ್ಟು, ಅವನ ಗಾಳಕ್ಕೆ ಬಿದ್ದ ಮೀನಿಗೆ ಬಲೆ ಹಿಡಿಯುವ ಕೆಲಸಕ್ಕೆ ಇಳಿದಿರುತ್ತೇನೆ, ಅವನು ಇನ್ನೂ ಎಸೆಯುತ್ತಲೇ ಇರುತ್ತಾನೆ.